ಅರ್ಧ ಮುಚ್ಚಳ ನೀರು

ಕಳೆದ ಶನಿವಾರ ಬೆಳಿಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಮೀನಿನ ಸಾಲಿನಲ್ಲಿ ನಾನು ಕುಳಿತುಬಿಟ್ಟೆ. ಬಿದ್ದುಬಿಟ್ಟೆ ಎಂದು ಫಿಲೋಮಿನಾ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾಳೆ. ನಾನು ಬೀಳಲಿಲ್ಲ. ಅಲ್ಲೊಂದು ನೀಲಿ ಪ್ಲಾಸ್ಟಿಕ್ ಕ್ರೇಟು ಬೋರಲು ಬಿದ್ದಿತ್ತು. ಅದನ್ನು ನೋಡಿ, ಸೀರೆಯ ನೆರಿಗೆ ಎತ್ತಿಹಿಡಿದು, ಅದರ ಮೇಲೆ ಕುಳಿತೆ. ಇಷ್ಟು ಸ್ಪಷ್ಟವಾಗಿ ನೆನಪಿದೆ. ಅದಕ್ಕೆ ಮೊದಲಿನ ಅರ್ಧ ನಿಮಿಷ ಮಾತ್ರ ಸ್ಪಷ್ಟವಿಲ್ಲ.

ನಾನು ಮೀನು ತಿನ್ನುವವಳಲ್ಲ. ಫಿಲೋಮಿನಾ ಜೊತೆ ಮಾರ್ಕೆಟ್ಟಿಗೆ ಹೋದರೆ ತರಕಾರಿಯ ಕಡೆ ನಿಂತಿರುತ್ತೇನೆ, ಅವಳು ಒಳಗೆ ಹೋಗಿ ಬರುತ್ತಾಳೆ. ಒಂದೇ ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಅಕ್ಕಪಕ್ಕದ ಮೇಜುಗಳಲ್ಲಿ ಕುಳಿತು, ಒಂದೇ ವರ್ಷ ನಿವೃತ್ತರಾದ ನಮ್ಮಿಬ್ಬರ ನಡುವೆ ಇಂಥ ಒಪ್ಪಂದಗಳು ಹಲವು ಇವೆ. ಆವತ್ತು ಅವಳ ಮೊಮ್ಮಗಳ ಹುಟ್ಟುಹಬ್ಬ. ಎರಡು ಚೀಲ ಇದ್ದವು, ಒಂದನ್ನು ಹಿಡಿದುಕೊಂಡು ನಾನೂ ಒಳಗೆ ಹೋದೆ. ಮೀನಿನ ಭಾಯಿ ಉದ್ದನೆಯ ಅಂಜಲ್ ಮೀನಿನ ತಲೆಯ ಮೇಲೆ ಮಗ್ಗಿನಿಂದ ಸಣ್ಣಗೆ ನೀರು ಬಿಡುತ್ತಿದ್ದ. ಅದರ ನೆತ್ತಿ ಕಪ್ಪಗೆ ಹೊಳೆಯುತ್ತಿತ್ತು.

“ಫ್ರೆಶ್ ಮಾಲ್ ಅಮ್ಮಾ. ಕಣ್ಣು ನೋಡಿ ಕಣ್ಣು, ನಿಮ್ಮನ್ನೇ ನೋಡ್ತೈತೆ!” ಎಂದ.

ಫಿಲೋಮಿನಾ ಕಿವಿರು ಎತ್ತಿ ನೋಡುತ್ತಲೇ, ಸಾಮಾನ್ಯ ಸಂಗತಿಯೊಂದನ್ನು ಹೇಳುವವಳ ಹಾಗೆ ಹೇಳಿದಳು: “ಮರ್ತೇಬಿಟ್ಟಿದ್ದೆ ಮಾ. ನಿನ್ನೆ ಅಕ್ಕ ಫೋನ್ ಮಾಡಿದ್ಲು. ಆ ಕರ್ಸ್ಟಿ ಇದಾಳಲ್ಲ, ತಿಮಿಂಗಿಲದ ಡಾಕ್ಟರು, ಅವ್ಳು ನೀನು ಬರೆದ ಪುಟಾನ ತಿಮಿಂಗಿಲ ಉಳಿಸೋಕೆ ಸೇರೋ ಹೊಸಬರ ಕ್ಲಾಸಲ್ಲಿ ತೋರಿಸ್ಬೇಕಂತೆ. ಹೆಂಗೆ ಬರೀಬೇಕು ಅಂತ ಮಾದರಿಗೆ. ನಿನ್ನ ಒಪ್ಪಿಗೆ ಕೇಳ್ತಿದಾಳೆ.”

ಆಗ ಆ ವಾಸನೆ ಬಂತು. ಮೀನಿನ ವಾಸನೆ ಅಲ್ಲ, ಅದು ಮೊದಲಿನಿಂದಲೂ ಇತ್ತು. ಇದು ಬೆಚ್ಚಗಿನ ವಾಸನೆ, ಕೊಳೆತ ಎಲೆಕೋಸಿಗೆ ಸ್ವಲ್ಪ ಸಿಹಿ ಬೆರೆತಂತಹ ಒಂದು ಉಸಿರು. ಶಿವಾಜಿನಗರದಲ್ಲಿ ಅದು ಇರಲು ಸಾಧ್ಯವಿಲ್ಲ. ಎರಡು ವರ್ಷದ ಹಿಂದೆ, ಬಹಳ ದೂರದಲ್ಲಿ, ಒಂದೇ ಒಂದು ಸಲ ಅದು ನನ್ನ ಮುಖದ ಮೇಲೆ ಬಿದ್ದಿತ್ತು.

ಫಿಲೋಮಿನಾಳ ಅಕ್ಕ ಸ್ಟೆಲ್ಲಾ ಹಲಸೂರಿನಲ್ಲಿ ಹುಟ್ಟಿ ಬೆಳೆದವರು. ನರ್ಸ್ ಆಗಿ ಬ್ರಿಟನ್ನಿಗೆ ಹೋದವರು ಅಲ್ಲಿ ಏಡಿ ಹಿಡಿಯುವ ಒಬ್ಬರನ್ನು ಮದುವೆಯಾಗಿ, ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಚದುರಿಕೊಂಡಿರುವ ಆರ್ಕ್ನಿ ದ್ವೀಪಗಳಲ್ಲಿ ಒಂದು ಸಣ್ಣ ದ್ವೀಪದಲ್ಲಿ ನೆಲೆಸಿದರು. ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದರು. ಎರಡು ವರ್ಷದ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಫಿಲೋಮಿನಾ ಹೊರಟಳು. ಒಬ್ಬಳೇ ಮೂರು ವಿಮಾನ, ಒಂದು ಹಡಗು ಬದಲಾಯಿಸಲು ಹೆದರಿ ನನ್ನನ್ನೂ ಎಳೆದಳು. ನಮ್ಮ ಯಜಮಾನರು ದೊಮ್ಮಲೂರಿನ ಮನೆಯ ಬಾಗಿಲಲ್ಲಿ ಸೂಟ್‌ಕೇಸ್ ಎತ್ತಿಕೊಡುತ್ತಾ, “ಅಲ್ಲಿ ಎಲ್ರೂ ಸಮುದ್ರದಲ್ಲಿ ಸಿಕ್ಕಿದ್ದು ತಿಂತಾರಂತೆ. ನೀನೇನ್ ತಿಂತೀಯ, ಗಾಳಿನಾ?” ಎಂದರು. ಗಾಳಿ ಬೇಕಾದಷ್ಟು ಇತ್ತು. ಜೂನ್ ಮೊದಲ ವಾರದಿಂದ ಜುಲೈ ಕೊನೆಯವರೆಗೆ ನಾವಿದ್ದ ಅಷ್ಟೂ ದಿನ ಅದು ನಿಂತದ್ದು ಮೂರು ಸಲ. ನಿಂತಾಗ ಕಿವಿಯಲ್ಲಿ ಏನೋ ಕೆಟ್ಟುಹೋದಂತೆ ಅನಿಸುತ್ತಿತ್ತು.

ಅಲ್ಲಿ ಮರಗಳಿಲ್ಲ. ಹಸಿರು ಹೊಲ, ಕಲ್ಲಿನ ಗೋಡೆ, ಹಸು, ಆಮೇಲೆ ಸಮುದ್ರ. ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಕುಳಿತರೆ ಅದನ್ನು ಅವರು ಬೇಸಿಗೆ ಎನ್ನುತ್ತಿದ್ದರು. ನನಗೆ ಮೊದಲ ಗೊಂದಲ ಆದದ್ದು ದೀಪದ ವಿಷಯದಲ್ಲಿ. ಸಂಜೆ ದೇವರಿಗೆ ದೀಪ ಹಚ್ಚುವುದು ನನಗೆ ಬುದ್ಧಿ ಬಂದಾಗಿನಿಂದ ಇರುವ ಅಭ್ಯಾಸ. ಆದರೆ ಅಲ್ಲಿ ಸಂಜೆಯೇ ಆಗುತ್ತಿರಲಿಲ್ಲ. ಗಡಿಯಾರ ಏಳು ತೋರಿಸುವಾಗ ಬಿಸಿಲು ನಮ್ಮ ಮೂರು ಗಂಟೆಯ ಬಿಸಿಲಿನಂತೆ ಇರುತ್ತಿತ್ತು. ಎರಡು ದಿನ ಸೂರ್ಯ ಮುಳುಗಲೆಂದು ಕಾದು, ಕುಳಿತಲ್ಲೇ ನಿದ್ದೆಹೋದೆ. ಮೂರನೆಯ ದಿನ ಲೆಕ್ಕ ಹಾಕಿದೆ. ಅಲ್ಲಿ ಮಧ್ಯಾಹ್ನ ಎರಡೂಕಾಲು ಆದಾಗ ದೊಮ್ಮಲೂರಿನಲ್ಲಿ ಆರೂಮುಕ್ಕಾಲು. ಅಂದಿನಿಂದ ಅಲ್ಲಿನ ಎರಡೂಕಾಲಿಗೆ ದೀಪ ಹಚ್ಚತೊಡಗಿದೆ.

ಸ್ಟೆಲ್ಲಾ ಅಕ್ಕ ವಾಕರ್ ಹಿಡಿದು ನಿಂತು ನೋಡಿ, “ಏನ್ ಮಾ ಶಾಂತಾ, ಊಟ ಆದ ಕೂಡ್ಲೇ ಸಂಜೆನಾ ನಿಮ್ಮ ದೇವರಿಗೆ?” ಎಂದರು.

“ಅದು ಬೆಂಗಳೂರು ದೇವ್ರು ಅಕ್ಕ. ಅದಕ್ಕೆ ಇಲ್ಲಿ ಟೈಮು ಗೊತ್ತಿಲ್ಲ,” ಎಂದಳು ಫಿಲೋಮಿನಾ.

ಊಟಕ್ಕೆ ತೊಂದರೆ ಆಗಲಿಲ್ಲ. ಅಕ್ಕತಂಗಿ ಏಡಿಯನ್ನು ಸುತ್ತಿಗೆಯಲ್ಲಿ ಕುಟ್ಟಿ ತಿನ್ನುವಾಗ ನಾನು ತಟ್ಟೆ ಹಿಡಿದು ಕಿಟಕಿಯ ಬಳಿ ಹೋಗುತ್ತಿದ್ದೆ. ಅಲ್ಲಿ ಬೇರ್ ಎಂಬ ಹಳೆಯ ತಳಿಯ ಬಾರ್ಲಿ ಇದೆ. ಅದರ ಹಿಟ್ಟಿನಲ್ಲಿ ಕಾವಲಿಯ ಮೇಲೆ ದಪ್ಪ ರೊಟ್ಟಿ ಬೇಯಿಸುತ್ತಾರೆ. ಬಣ್ಣವೂ ವಾಸನೆಯೂ ರಾಗಿಗೆ ಹತ್ತಿರ. ಬೆಣ್ಣೆ, ಪಕ್ಕದ ಹೊಲದವರು ಮನೆಯಲ್ಲೇ ಮಾಡಿದ ಚೀಸು. ಹಿತ್ತಲಲ್ಲಿ ರೂಬಾರ್ಬ್ ಎಂಬ ಕೆಂಪು ದಂಟಿನ ಗಿಡ ಮೊಣಕಾಲುದ್ದ ಬೆಳೆದಿತ್ತು, ಹುಳಿಯೆಂದರೆ ಹುಳಿ. ಅವರು ಅದಕ್ಕೆ ಸಕ್ಕರೆ ಸುರಿದು ಜಾಮ್ ಮಾಡುತ್ತಿದ್ದರು. ನಾನು ಮೆಂತ್ಯ, ಸಾಸಿವೆ, ಒಣಮೆಣಸಿನಕಾಯಿ ಹುರಿದು ಪುಡಿಮಾಡಿ ಗೊಜ್ಜು ಮಾಡಿದೆ. ಅಕ್ಕ ಅದನ್ನು ಚೀಸಿನ ಜೊತೆ ಊರ ಸಭಾಭವನದ ಶನಿವಾರದ ಚಹಾಕೂಟಕ್ಕೆ ಒಯ್ದರು. ಮರುವಾರ ಮೂವರು ಖಾಲಿ ಸೀಸೆ ಹಿಡಿದು ಬಂದರು.

ಸೀಲ್ ಎಂಬ ಸಮುದ್ರಪ್ರಾಣಿಗಳನ್ನು ನೋಡಲು ದಿನವೂ ದಡಕ್ಕೆ ಹೋಗುತ್ತಿದ್ದೆವು. ಚಿಕ್ಕಂದಿನಲ್ಲಿ ಹಲಸೂರು ಕೆರೆಯಲ್ಲಿ ಎಮ್ಮೆಗಳು ಮೈ ಮುಳುಗಿಸಿ ತಲೆ ಮಾತ್ರ ಎತ್ತಿಕೊಂಡಿರುತ್ತಿದ್ದವಲ್ಲ, ಹಾಗೇ ನೀರಿನಿಂದ ತಲೆಯೆತ್ತಿ ನಮ್ಮನ್ನು ನೋಡುತ್ತಿದ್ದವು. ಹಾಡಿದರೆ ಹತ್ತಿರ ಬರುತ್ತವೆ ಎಂದು ಅಕ್ಕ ಹೇಳಿದ್ದರು. ಫಿಲೋಮಿನಾ ತಮಿಳಿನ ಚರ್ಚ್ ಹಾಡು ಹೇಳಿದಳು, ನಾಲ್ಕು ಬಂದವು. ನಾನು ದೇವರನಾಮ ಹೇಳಿದೆ, ಎರಡು ಮುಳುಗಿಹೋದವು. “ನೋಡಿದ್ಯಾ, ನಮ್ಮವು ಅವು,” ಎಂದಳು. ಆ ಬೇಸಿಗೆಯಲ್ಲಿ ನಾವು ಅಷ್ಟು ನಕ್ಕಿದ್ದೆವು ಎಂಬುದನ್ನೂ ಬರೆದಿಡಬೇಕು. ಇಲ್ಲದಿದ್ದರೆ ಇದು ಸರಿಯಾದ ವರದಿಯಾಗುವುದಿಲ್ಲ.

ಜುಲೈ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆಗೆ ಪಕ್ಕದ ಹೊಲದವರು ಬಾಗಿಲು ಬಡಿದರು. ದ್ವೀಪದ ಪಶ್ಚಿಮದ ಮರಳದಂಡೆಗೆ ಪೈಲಟ್ ಎಂಬ ಜಾತಿಯ ಆರು ತಿಮಿಂಗಿಲಗಳು ಬಂದು ಸಿಕ್ಕಿಕೊಂಡಿವೆ, ಉಬ್ಬರ ಇಳಿದುಹೋಗಿದೆ, ಮನೆಯಲ್ಲಿರುವ ಹಾಸುಬಟ್ಟೆ, ಬಕೆಟ್ಟು ಎಲ್ಲ ತನ್ನಿ ಎಂದರು. ನಾವು ಬೀರುವಿನ ಬಟ್ಟೆಯನ್ನೆಲ್ಲ ಎತ್ತಿಕೊಂಡು ಅವರ ವ್ಯಾನ್ ಹತ್ತಿದೆವು.

ದೂರದಿಂದ ಅವು ಬಂಡೆಗಳಂತೆ ಕಂಡವು. ಹತ್ತಿರ ಹೋದ ಮೇಲೂ ಬಂಡೆಗಳಂತೆಯೇ ಇದ್ದವು, ಉಸಿರು ಬಿಡುವವರೆಗೆ. ಒಂದೊಂದೂ ನಮ್ಮ ವ್ಯಾನಿನಷ್ಟು ಉದ್ದ, ಕಪ್ಪು, ನುಣುಪು, ದುಂಡು ಹಣೆ. ಸುಮಾರು ನಲವತ್ತು ಜನ ಸೇರಿದ್ದರು. ಕರ್ಸ್ಟಿ ಎಂಬ ಪಶುವೈದ್ಯೆ ಬೇರೆ ದ್ವೀಪದಿಂದ ದೋಣಿಯಲ್ಲಿ ಬಂದಿದ್ದಳು. ಮೂವತ್ತು ದಾಟಿರದ ಹುಡುಗಿ. ಅವಳು ನಮ್ಮನ್ನೆಲ್ಲ ನಿಲ್ಲಿಸಿ ಮೂರು ಮಾತು ಹೇಳಿದಳು. ಬೆನ್ನು ಒಣಗದಂತೆ ಬಟ್ಟೆ ಹೊದೆಸಿ ನೀರು ಹಾಕುತ್ತಿರಬೇಕು. ಪಕ್ಕದ ರೆಕ್ಕೆಗಳ ಕೆಳಗೆ ಮರಳು ತೋಡಬೇಕು. ನೆತ್ತಿಯ ಮೇಲೆ ಒಂದು ಉಸಿರುಗಂಡಿ ಇದೆ, ಅದರ ಹತ್ತಿರ ಬಟ್ಟೆಯಾಗಲಿ ನೀರಾಗಲಿ ಹೋಗಕೂಡದು, ಹೋದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂರನೆಯದನ್ನು ನಮ್ಮ ಬಾಯಲ್ಲೂ ಹೇಳಿಸಿದಳು. ನಾನೂ ಹೇಳಿದೆ. ನನಗೆ ಪೂರ್ತಿ ಅರ್ಥವಾಗಿತ್ತು. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣ, ಪಾಪ, ಭಾಷೆ ತಿಳಿಯಲಿಲ್ಲವೇನೋ ಎಂದು ಯಾರೂ ನನ್ನ ಪರವಾಗಿ ಹೇಳಬಾರದು.

ನನಗೆ ಬಕೆಟ್ ಎತ್ತಲಾಗುವುದಿಲ್ಲವೆಂದು ಕರ್ಸ್ಟಿ ಒಂದು ಪುಸ್ತಕ, ಪೆನ್ಸಿಲ್ ಕೊಟ್ಟಳು. ಕಚೇರಿಯಲ್ಲಿ ನನ್ನ ಕೆಲಸ ಏನಾಗಿತ್ತೆಂದು ಫಿಲೋಮಿನಾ ಅವಳಿಗೆ ಮೊದಲೇ ಹೇಳಿಬಿಟ್ಟಿದ್ದಳು. ನಾನು ಇದ್ದದ್ದು ಮರಣದ ಕ್ಲೇಮುಗಳ ವಿಭಾಗದಲ್ಲಿ. ಕೊನೆಯ ಗಳಿಗೆಯಲ್ಲಿ ಹತ್ತಿರ ಯಾರಿದ್ದರು, ಎಷ್ಟು ಹೊತ್ತಿಗೆ, ಏನಾದರೂ ಕೊಟ್ಟಿರಾ ಎಂದು ಕೇಳುವವಳು ನಾನು. ಅಳುತ್ತಿದ್ದವರಿಗೂ ಕೇಳಿದ್ದೇನೆ. ಗಂಟೆ ತಾಳೆಯಾಗದಿದ್ದರೆ ಕಡತ ವಾಪಸು ಕಳಿಸಿದ್ದೇನೆ.

ಆರರಲ್ಲಿ ಎಲ್ಲಕ್ಕಿಂತ ದೊಡ್ಡದು, ಬಂಡೆಯ ಪಕ್ಕ ಬಿದ್ದಿದ್ದದ್ದು, ನನ್ನ ಪಾಲಿಗೆ ಬಂತು. ಅದು ಹೆಣ್ಣು, ಬಹುಶಃ ಉಳಿದವಕ್ಕೆಲ್ಲ ಅಜ್ಜಿ ಎಂದಳು ಕರ್ಸ್ಟಿ. ಗಂಟೆ, ಐದು ನಿಮಿಷಕ್ಕೆ ಎಷ್ಟು ಉಸಿರು, ವಿಶೇಷ: ಹೀಗೆ ಮೂರು ಕಾಲಂ ಎಳೆದೆ. ಹತ್ತು ಗಂಟೆಗೆ ಹದಿಮೂರು ಉಸಿರು. ಹನ್ನೊಂದಕ್ಕೆ ಹನ್ನೆರಡು. ವಿಶೇಷ: ಎಡಗಣ್ಣು ತೆರೆದಿದೆ, ಶಿಳ್ಳೆಯಂತೆ ಕೂಗುತ್ತಿದೆ. ಅದು ಕೂಗಿದಾಗಲೆಲ್ಲ ಉಳಿದ ಐದೂ ಅಲ್ಲಿಂದಲೇ ಉತ್ತರ ಕೊಡುತ್ತಿದ್ದವು.

ಹನ್ನೆರಡಕ್ಕೆ ಕರ್ಸ್ಟಿ ಬಂದು ಅದರ ಮೈಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಇದು ಉಳಿಯುವುದಿಲ್ಲ, ನೀರಿಲ್ಲದೆ ತನ್ನ ಭಾರವೇ ತನ್ನನ್ನು ಜಜ್ಜುತ್ತಿದೆ ಎಂದಳು. ಆದರೆ ಇದು ಕೂಗುತ್ತಿರುವವರೆಗೆ ಉಳಿದವು ಹೋಗುವುದಿಲ್ಲ, ಸಂಜೆಯ ಉಬ್ಬರದಲ್ಲಿ ತೇಲಿಸಿದರೂ ತಿರುಗಿ ಇಲ್ಲಿಗೇ ಬರುತ್ತವೆ. ಅಷ್ಟರಲ್ಲಿ ಇದರ ಬಗ್ಗೆ ಒಂದು ತೀರ್ಮಾನ ಮಾಡಬೇಕು. ಅವಳ ಚೀಲದಲ್ಲಿ ನೋವಿಲ್ಲದೆ ಸಾಯಿಸುವ ಇಂಜೆಕ್ಷನ್ ಇತ್ತು. ಅದನ್ನು ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಮೂರು ಗಂಟೆಯವರೆಗೆ ನೋಡೋಣ, ನೀವು ಎಣಿಸುತ್ತಿರಿ ಎಂದು ಹೇಳಿ ಹೋದಳು.

ಒಂದು ಗಂಟೆಗೆ ಹತ್ತು. ಎರಡಕ್ಕೆ ಆರು.

ಎರಡರ ನಂತರ ಅದರ ಹತ್ತಿರ ನಾನೊಬ್ಬಳೇ ಇದ್ದೆ. ಜನರೆಲ್ಲ ಬದುಕಬಹುದಾದ ಐದರ ಕಡೆ ಇದ್ದರು. ಫಿಲೋಮಿನಾ ಎಲ್ಲರಿಗೂ ಚಹಾ ತರಲು ಹೋಗಿದ್ದಳು. ಗಾಳಿ ನಿಂತಿತ್ತು. ಆ ಕಣ್ಣು ನನ್ನನ್ನು ನೋಡುತ್ತಿತ್ತು ಎಂದು ನಾನು ಹೇಳಲಾರೆ, ತೆರೆದಿತ್ತು ಎಂದಷ್ಟೇ ಹೇಳಬಲ್ಲೆ. ಕೈಗಡಿಯಾರ ನೋಡಿದೆ, ಎರಡು ಗಂಟೆ ಹತ್ತು ನಿಮಿಷ. ನಮ್ಮಲ್ಲಿ ದೀಪದ ಹೊತ್ತು. ಸಂಜೆ ಎಂಬ ಒಂದು ಮಾತು ತಲೆಗೆ ಬಂತು.

ನನ್ನ ಅಮ್ಮ ಹೋದದ್ದು ಅದಕ್ಕೆ ಮೂರು ವರ್ಷ ಮೊದಲು, ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ. ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಸರಿಯಾಗಿಯೇ ಹೇಳಿದ್ದರು. ಅಮ್ಮ ನಾಲ್ಕು ಸಲ ಕೇಳಿದಳು. “ಒಂದ್ ಗುಟುಕು ಕೊಡೇ.” ನಾಲ್ಕು ಸಲವೂ “ಸಂಜೆ ಕೊಡ್ತೀನಮ್ಮ” ಎಂದೆ. ಸಂಜೆ ಆಗಲಿಲ್ಲ. ಮನೆಗೆ ತಂದ ಮೇಲೆ ಸೋದರತ್ತೆ ಬಾಯಿಗೆ ನೀರು ಬಿಟ್ಟರು. ಅದು ಒಳಗೆ ಹೋಗದೆ ಕೆನ್ನೆಯ ಮೇಲೆ ಇಳಿದು ಚಾಪೆ ಸೇರಿತು.

ನನ್ನ ಚೀಲದಲ್ಲಿ ಜೀರಿಗೆ ನೀರಿನ ಫ್ಲಾಸ್ಕು ಇತ್ತು. ಎಲ್ಲಿ ಹೋದರೂ ಒಯ್ಯುತ್ತೇನೆ. ಅದರ ಮುಚ್ಚಳವೇ ಲೋಟ. ಮುಚ್ಚಳಕ್ಕೆ ನೀರು ಬಗ್ಗಿಸಿಕೊಂಡೆ. ಸಾಯುವ ಜೀವದ ಬಾಯಿಗೆ ನೀರು ಬಿಡಬೇಕು, ಅಷ್ಟೇ ಮನಸ್ಸಿನಲ್ಲಿದ್ದದ್ದು. ಸಮುದ್ರದಲ್ಲೇ ಹುಟ್ಟಿ ಬೆಳೆದದ್ದಕ್ಕೆ ನಾನೇನು ನೀರು ಕೊಡುವುದು ಎಂಬ ಯೋಚನೆ ಆಗ ಬರಲಿಲ್ಲ, ಆಮೇಲೆ ಬಂತು. ಬಾಯಿ ಮರಳಿಗೆ ಒತ್ತಿ ಮುಚ್ಚಿತ್ತು. ಬಗ್ಗಿ ನೋಡಿದೆ, ಸಂದು ಸಿಗಲಿಲ್ಲ. ಮುಚ್ಚಳ ಕೈಯಲ್ಲೇ ಇತ್ತು. ಎದುರಿಗೆ ಆ ಕಪ್ಪು, ದುಂಡು, ನುಣುಪು ತಲೆ ಇತ್ತು. ಅಂದು ಸೋಮವಾರ. ಸೋಮವಾರ ಸಂಜೆಗಳಲ್ಲಿ ಹಲಸೂರಿನ ಸೋಮೇಶ್ವರ ಗುಡಿಯಲ್ಲಿ ಎಷ್ಟು ವರ್ಷ ಅಭಿಷೇಕ ನೋಡಿದ್ದೇನೋ ಲೆಕ್ಕವಿಲ್ಲ. ಕೈ ತಾನಾಗಿ ಎದ್ದಿತು. ಸಣ್ಣ ಧಾರೆಯಾಗಿ, ಅರ್ಚಕರು ಬಿಡುವ ಹಾಗೆ, ನೆತ್ತಿಯ ಮೇಲೆ ಬಿಟ್ಟೆ.

ಗಂಡಿ ಮುಚ್ಚಿತ್ತು. ಅದು ಒಂದು ಗೆರೆಯ ಹಾಗಷ್ಟೇ ಕಾಣುತ್ತಿತ್ತು. ನೀರು ಆ ಗೆರೆಯ ಮೇಲೆ ನಿಂತಿತು. ಆಗ ಗೆರೆ ತೆರೆಯಿತು.

ನೀರು ಒಳಗೆ ಹೋದದ್ದನ್ನು ನಾನು ನೋಡಿದೆ. ಮೈ ಒಂದು ಸಲ ನಡುಗಿತು. ಉಸಿರು ಸಿಡಿದು ನನ್ನ ಮುಖಕ್ಕೆ ಬಂದು ಬಡಿಯಿತು. ಬೆಚ್ಚಗೆ, ಒದ್ದೆಯಾಗಿ, ಆ ವಾಸನೆ. ನನ್ನ ಕನ್ನಡಕದ ಮೇಲೆ ಹನಿಗಳಿದ್ದವು. ಗಂಡಿ ಮುಚ್ಚಿಕೊಂಡಿತು. ಮತ್ತೆ ತೆರೆಯುತ್ತದೆಂದು ಎಣಿಸುತ್ತಾ ನಿಂತೆ. ಅರವತ್ತು, ನೂರು, ಇನ್ನೂರು. ಮುನ್ನೂರರವರೆಗೆ ಎಣಿಸಿದೆ.

ಆಮೇಲೆ ಪುಸ್ತಕ ತೆರೆದು ಬರೆದೆ. ಎರಡು ಗಂಟೆ ಹದಿನಾಲ್ಕು ನಿಮಿಷ, ಕೊನೆಯ ಉಸಿರು. ವಿಶೇಷ: ಏನೂ ಇಲ್ಲ.

 ಅಕ್ಷರ ಅಚ್ಚುಕಟ್ಟಾಗಿದೆ.

ಕರ್ಸ್ಟಿ ಬಂದು ಕಣ್ಣಿನ ಮೇಲೆ ಬೆರಳಿಟ್ಟು ನೋಡಿದಳು. ಅದಕ್ಕೆ ಮೊದಲು ಏನಾದರೂ ಆಯಿತೇ ಎಂದು ಕೇಳಿದಳು. ನಾನು ಮೂವತ್ತೊಂದು ವರ್ಷ ಬೇರೆಯವರಿಗೆ ಕೇಳಿದ ಪ್ರಶ್ನೆ ಅದು. ಇಲ್ಲ ಎಂದೆ. ಅವಳು ನನ್ನನ್ನು ತಬ್ಬಿಕೊಂಡು, ನನ್ನಿಂದ ಮಾಡಿಸದೆ ತಾನೇ ಹೋಯಿತು, ದೊಡ್ಡ ಉಪಕಾರ ಮಾಡಿತು ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಕೂಗು ನಿಂತಿತ್ತು. ಉಳಿದ ಐದೂ ಮೊದಲು ಕೂಗಿ ಕೂಗಿ, ಆಮೇಲೆ ಸುಮ್ಮನಾದವು. ಸಂಜೆ ಆರಕ್ಕೆ ಉಬ್ಬರ ಬಂತು. ಜನ ಎದೆಮಟ್ಟದ ನೀರಿನಲ್ಲಿ ನಿಂತು ಒಂದೊಂದನ್ನೇ ತೇಲಿಸಿದರು. ಐದೂ ಒಂದು ಸುತ್ತು ಸುತ್ತಿ, ದಡದ ಕಡೆ ಮುಖ ಮಾಡಿ ನಿಂತು, ಆಮೇಲೆ ತಿರುಗಿ ಹೋದವು. ಎಲ್ಲರೂ ಕೂಗಿ ಚಪ್ಪಾಳೆ ತಟ್ಟಿದರು. ಫಿಲೋಮಿನಾ ನನ್ನ ಭುಜ ಹಿಡಿದು ಅಲ್ಲಾಡಿಸಿ ಕೂಗಿದಳು, “ಹೋದ್ವು ಮಾ, ಹೋದ್ವು! ಅಳ್ತೀಯಾ ಯಾಕೆ, ಹೋದ್ವು!”

ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಆ ದಿನ ದೀಪ ಹಚ್ಚಲಿಲ್ಲ. ಯಾವ ಸಂಜೆಗೆ ಹಚ್ಚಬೇಕೆಂದು ತಿಳಿಯಲಿಲ್ಲ.

ಮಾರನೆಯ ದಿನದಿಂದ ಊರವರು, ಉಸಿರು ಎಣಿಸಿದ ಹೆಂಗಸಿಗೆಂದು, ತಿಂಡಿ ತರತೊಡಗಿದರು. ಬೇರ್ ರೊಟ್ಟಿ, ಚೀಸು, ಹಿತ್ತಲಿನ ಎಲೆಕೋಸು, ಒಬ್ಬರು ಮೊಟ್ಟೆಯಿಲ್ಲದೆ ಮಾಡಿದ ಕೇಕು. ಸಾವಾದ ಮನೆಗೆ ನೆಂಟರು ಅಡಿಗೆ ತಂದುಕೊಟ್ಟ ಹಾಗೆ. ನಾನು ಒಂದೊಂದನ್ನೂ ಸ್ವಲ್ಪ ಸ್ವಲ್ಪ ತಿಂದೆ, ಎಲೆಕೋಸನ್ನು ಬಿಟ್ಟು. ಒಂಬತ್ತು ದಿನ ಆದ ಮೇಲೆ ಇನ್ನೊಂದು ದ್ವೀಪದ ದಡದಲ್ಲಿ ಒಂದು ಪೈಲಟ್ ತಿಮಿಂಗಿಲ ಸತ್ತು ಬಿದ್ದಿದೆ ಎಂದು ಸುದ್ದಿ ಬಂತು. ನಮ್ಮ ಐದರಲ್ಲಿ ಒಂದೋ ಅಲ್ಲವೋ ಎಂದು ಕರ್ಸ್ಟಿಗೂ ಹೇಳಲಾಗಲಿಲ್ಲ. ತಿಂಗಳ ಕೊನೆಗೆ ನಾವು ಊರಿಗೆ ಬಂದೆವು.

ಈ ಎರಡು ವರ್ಷ ನಾನು ಇದನ್ನು ಎಲ್ಲ ಕಡೆಯಿಂದಲೂ ನೋಡಿದ್ದೇನೆ. ಅದು ಹೇಗೂ ಸಾಯುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಸೂಜಿ ಚುಚ್ಚುತ್ತಿದ್ದರು. ಅದು ಸುಮ್ಮನಾದದ್ದರಿಂದಲೇ ಐದು ಹೋದವು. ಅಥವಾ ಅದು ಸಂಜೆಯವರೆಗೆ ಬದುಕಿದ್ದರೆ ಉಬ್ಬರದ ನೀರು ಅದನ್ನೂ ಮುಟ್ಟುತ್ತಿತ್ತೋ ಏನೋ. ಅಮ್ಮನಿಗೆ ಡಾಕ್ಟರ ಮಾತು ಕೇಳಿ ಕೊಡಲಿಲ್ಲ, ಅದು ತಪ್ಪೆನಿಸಿತು. ಇಲ್ಲಿ ಮಾತು ಮೀರಿ ಕೊಟ್ಟೆ, ಇದೂ ತಪ್ಪೆನಿಸುತ್ತದೆ. ಎರಡೂ ತಪ್ಪಾಗಲು ಹೇಗೆ ಸಾಧ್ಯ ಎಂದು ಗೊತ್ತಾಗುವುದಿಲ್ಲ. ಸೋಮವಾರ ಗುಡಿಗೆ ಹೋಗುತ್ತೇನೆ, ಆದರೆ ಅಭಿಷೇಕದ ಹೊತ್ತಿಗೆ ಹೊರಗೆ ಕಂಬದ ಬಳಿ ಬಂದು ನಿಲ್ಲುತ್ತೇನೆ. ಇದರಲ್ಲೆಲ್ಲ ನನಗೆ ಖಚಿತವಾಗಿ ಗೊತ್ತಿರುವುದು ಒಂದೇ. ಏನೂ ಇಲ್ಲ ಎಂದು ಬರೆದೆ, ಅದು ಸುಳ್ಳು. ಈಗ ಆ ಪುಟವನ್ನು ಮಾದರಿ ಎಂದು ಹೊಸಬರಿಗೆ ತೋರಿಸುತ್ತಾರಂತೆ.

ಮಾರ್ಕೆಟ್ಟಿನ ಮರುದಿನ, ಭಾನುವಾರ ಮಧ್ಯಾಹ್ನ ಫಿಲೋಮಿನಾ ನನ್ನ ತಲೆಸುತ್ತು ವಿಚಾರಿಸಲು ಚರ್ಚಿನಿಂದ ನೇರ ದೊಮ್ಮಲೂರಿಗೆ ಬಂದಳು. ಅಡಿಗೆಮನೆಯಲ್ಲಿ ಕೂರಿಸಿ, ಮೊದಲಿನಿಂದ ಕೊನೆಯವರೆಗೆ ಹೇಳಿದೆ.  

“ಎರಡು ವರ್ಷ,” ಎಂದಳು ಕೊನೆಗೆ. “ಎರಡು ವರ್ಷ ನನ್ನ ಹತ್ರಾನೂ ಹೇಳ್ಲಿಲ್ಲ ನೀನು.”

“ಹೇಗೆ ಹೇಳ್ಲಿ?”

“ಬಾಯಲ್ಲಿ ಹೇಳ್ಬೇಕು ಮಾ, ಇನ್ನೆಂಗೆ?” ಸ್ವಲ್ಪ ಹೊತ್ತು ಸೀರೆಯ ಸೆರಗು ಮಡಚಿದಳು. “ಬಿಟ್ಬಿಡು. ಅವ್ಳು ತೋರಿಸ್ಕೊಳ್ಲಿ. ನಿನ್ನ ಅಕ್ಷರ ಚೆನ್ನಾಗಿದೆ ಅಂತ ಕೇಳ್ತಿದಾಳೆ, ನೀನು ಒಳ್ಳೆಯವಳು ಅಂತ ಅಲ್ಲ.”

“ತಪ್ಪು ಎಂಟ್ರಿ ಫಿಲೋ. ನೀನೇ ಆಗಿದ್ರೆ ಬಿಡ್ತಿದ್ಯಾ?”

ಅವಳು ಮೊಬೈಲ್ ತೆಗೆದು ಅಕ್ಕನಿಗೆ ಕರೆ ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಆ ಕಡೆ ಗಾಳಿಯ ಸದ್ದು ಕೇಳಿಸಿತು. ನಾನು ಮತ್ತೆ ಹೇಳಿದೆ, ಈ ಸಲ ಚಿಕ್ಕದಾಗಿ. ಸ್ಟೆಲ್ಲಾ ಅಕ್ಕ ನಲವತ್ತು ವರ್ಷ ನರ್ಸ್ ಆಗಿದ್ದವರು, ಅಯ್ಯೋ ಎನ್ನಲಿಲ್ಲ.

“ನಾನೂ ಕೊಟ್ಟಿದೀನಿ ಮಾ,” ಎಂದರು. “ಕೊಡಬೇಡ ಅಂದಿದ್ದವರಿಗೆ. ಕೇಳ್ತಾರಲ್ಲ, ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಚಾರ್ಟಲ್ಲಿ ಬರೀಲಿಲ್ಲ.”



“ಅದಕ್ಕೆ ಹೋಯ್ತಾ ಅಕ್ಕ ಅದು? ಆ ನೀರಿಗೆ?” ಎಂದು ಕೇಳಿದೆ.

“ನನಗೆ ಗೊತ್ತಿಲ್ಲ. ಕರ್ಸ್ಟಿಗೆ ಗೊತ್ತಿರಬಹುದು, ಗೊತ್ತಿಲ್ದೇನೂ ಇರಬಹುದು. ಅವ್ಳು ಮೊದ್ಲು ಒಂದೇ ಕೇಳ್ತಾಳೆ. ಎಷ್ಟು ನೀರು?”

ಎರಡು ವರ್ಷ ನೆನೆದೂ ಅದೊಂದನ್ನು ನಾನು ಕೇಳಿಕೊಂಡಿರಲಿಲ್ಲ. ಎದ್ದು ಅದೇ ಫ್ಲಾಸ್ಕು ತೆಗೆದೆ. ಮುಚ್ಚಳಕ್ಕೆ ನೀರು ಬಗ್ಗಿಸಿದೆ. ಅಂದು ಪೂರ್ತಿ ತುಂಬಿಸಿರಲಿಲ್ಲ, ಬಗ್ಗಿದಾಗ ಚೆಲ್ಲಬಾರದೆಂದು ಅರ್ಧಕ್ಕೇ ನಿಲ್ಲಿಸಿದ್ದೆ. ಅದು ಕೈಗೆ ನೆನಪಿತ್ತು. ಆಮೇಲೆ ಅಕ್ಕಿ ಅಳೆಯುವ ಗೆರೆಯಿರುವ ಲೋಟಕ್ಕೆ ಅದನ್ನು ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ.

“ಐವತ್ತು ಎಂಎಲ್. ಸ್ವಲ್ಪ ಕಮ್ಮಿ. ಅದ್ರಲ್ಲಿ ಒಳಗೆ ಹೋಗಿದ್ದು ಎಷ್ಟು ಅಂತ ಹೇಳಕ್ಕಾಗಲ್ಲ. ಪಕ್ಕಕ್ಕೂ ಹರೀತು.”

“ಸರಿ, ಹೇಳು. ಬರ್ಕೋತೀನಿ.”

ನಮ್ಮ ಕಚೇರಿಯಲ್ಲಿ ತಪ್ಪಿನ ಮೇಲೆ ಬಿಳಿ ಬಣ್ಣ ಹಚ್ಚುವಂತಿರಲಿಲ್ಲ, ಉಜ್ಜುವಂತಿರಲಿಲ್ಲ. ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ಸಹಿ. ಹಾಗೇ ಮಾಡಲು ಕರ್ಸ್ಟಿಗೆ ತಿಳಿಸಿ ಎಂದೆ. ‘ಏನೂ ಇಲ್ಲ’ ಎಂಬುದರ ಮೇಲೆ ಗೆರೆ. ಪಕ್ಕದಲ್ಲಿ: ಎರಡು ಗಂಟೆ ಹದಿಮೂರು ನಿಮಿಷಕ್ಕೆ ಬರೆಯುವವಳು ತಲೆಯ ಮೇಲೆ ಸುಮಾರು ಐವತ್ತು ಎಂಎಲ್ ಕುಡಿಯುವ ನೀರು ಬಿಟ್ಟಳು. ಗಂಡಿ ತೆರೆಯಿತು, ಸ್ವಲ್ಪ ಒಳಗೆ ಹೋಯಿತು. ಆಮೇಲೆ ಒಂದು ಉಸಿರು. ಅಕ್ಕ ಅದನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿ ಒಪ್ಪಿಸಿದರು.

“ಯಾಕೆ ಬಿಟ್ಟೆ ಅಂತ ಬರೀಬೇಕಾ?” ಎಂದು ಕೇಳಿದರು.

ಯೋಚಿಸಿದೆ. “ಅದಕ್ಕೆ ಕಾಲಂ ಇಲ್ಲ ಅಕ್ಕ,” ಎಂದೆ.

ಆ ಪುಟವನ್ನು ಇನ್ನು ತೋರಿಸುತ್ತಾರೋ ಇಲ್ಲವೋ, ಕರ್ಸ್ಟಿ ಏನು ಹೇಳುತ್ತಾಳೋ, ಇದನ್ನು ಬರೆಯುವ ಹೊತ್ತಿಗೂ ತಿಳಿದಿಲ್ಲ. ಫೋನು ಇಟ್ಟ ಮೇಲೆ ಅಳತೆಯ ಲೋಟ ನನ್ನ ಕೈಯಲ್ಲೇ ಇತ್ತು. ಆ ನೀರನ್ನು ಮೋರಿಗೆ ಚೆಲ್ಲಲು ಮನಸ್ಸಾಗಲಿಲ್ಲ, ತುಳಸಿಗೆ ಹಾಕಲೂ ಮನಸ್ಸಾಗಲಿಲ್ಲ. ಕಿಟಕಿಯವರೆಗೆ ಹೋಗಿ ತಿರುಗಿ ಬಂದೆ.

“ಕೊಡು ಇಲ್ಲಿ,” ಎಂದಳು ಫಿಲೋಮಿನಾ. “ಚರ್ಚಲ್ಲಿ ಪೂಸೆ ಮುಗಿದಾಗಿಂದ ಗಂಟಲು ಒಣಗಿದೆ, ಒಂದ್ ತೊಟ್ಟು ನೀರು ಕೊಟ್ಟಿಲ್ಲ ನೀನು.”

ನಾನು ಕೊಡುವ ಮೊದಲೇ ಕೈಯಿಂದ ತೆಗೆದುಕೊಂಡು, ತಲೆ ಎತ್ತಿ, ಒಂದೇ ಗುಟುಕಿಗೆ ಕುಡಿದಳು. ಲೋಟ ಮೇಜಿನ ಮೇಲಿಟ್ಟಳು. ಅವಳು ಉಸಿರು ಬಿಡುವವರೆಗೆ ನಾನು ಎಣಿಸುತ್ತಿದ್ದೆ.